ನಡೆಯಲು ಕಲಿತ ಮಗುವಿನೊಂದಿಗೆ ಬೆಂಗಳೂರು: ಎರಡು ದಿನಗಳ ಪ್ರವಾಸಕ್ಕೆ ಸಿದ್ಧತೆ

ಒಂದು ವರ್ಷ ತುಂಬಿ ಮೂರು ತುಂಬದ ಮಗು ಪ್ರಯಾಣದ ದೃಷ್ಟಿಯಿಂದ ಕೈಗೂಸಿಗಿಂತಲೂ ಶಾಲೆಗೆ ಹೋಗುವ ಮಗುವಿಗಿಂತಲೂ ಭಿನ್ನವಾದ ಪ್ರಯಾಣಿಕ. ಕೈಗೂಸು ಮಡಿಲಲ್ಲಿಯೇ ಹಾಲು ಕುಡಿದು ಅಲ್ಲಿಯೇ ನಿದ್ರಿಸುತ್ತದೆ. ಆರು ವರ್ಷದ ಮಗುವಿಗೆ ಇನ್ನು ಅರ್ಧ ಗಂಟೆ ತಡೆದುಕೊಳ್ಳಬೇಕೆಂದರೆ ಅರ್ಥವಾಗುತ್ತದೆ. ಈ ಎರಡರ ನಡುವಿನ ವಯಸ್ಸಿನಲ್ಲಾದರೋ ಕಾಲಿಗೆ ಬಲ ಬಂದಿದ್ದರೂ ಅಪಾಯದ ಅರಿವು ಬಂದಿರುವುದಿಲ್ಲ, ಹಸಿವು, ನಿದ್ದೆ, ಭಯಗಳನ್ನು ಬೇರೆ ಬೇರೆಯಾಗಿ ಹೇಳಿಕೊಳ್ಳುವಷ್ಟು ಮಾತೂ ಬಂದಿರುವುದಿಲ್ಲ, ಆದ್ದರಿಂದ ಮೂರೂ ಅಳುವಿನ ರೂಪದಲ್ಲಿಯೇ ಹೊರಬೀಳುತ್ತವೆ. ಮದುವೆಗೋ ಗೃಹಪ್ರವೇಶಕ್ಕೋ ವಾರಾಂತ್ಯದ ಬಿಡುವಿಗೋ ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ, ಮಂಗಳೂರುಗಳಿಂದ ಎರಡು ದಿನಗಳ ಮಟ್ಟಿಗೆ ಬೆಂಗಳೂರಿಗೆ ಬರುವ ಕುಟುಂಬಗಳು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮೊದಲು ಮಾಡಿಕೊಂಡು, ಮಗುವಿನ ಊಟ, ನಿದ್ದೆಗಳನ್ನು ಅದರ ಸಂದುಗಳಲ್ಲಿ ತುರುಕಲು ಯತ್ನಿಸುತ್ತವೆ. ಈ ಕ್ರಮವನ್ನು ತಿರುವುಮುರುವು ಮಾಡಿ, ಮಗುವಿನ ನಿದ್ದೆಯ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ಹೊತ್ತಿಗೆ ಹೊಂದುವಷ್ಟು ನಗರವನ್ನು ಮಾತ್ರ ಆರಿಸಿಕೊಂಡರೆ, ಪ್ರವಾಸದ ಬಹುಪಾಲು ತೊಂದರೆಗಳು ಹುಟ್ಟುವ ಮೊದಲೇ ನಿವಾರಣೆಯಾಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯು ಐದು ವರ್ಷದೊಳಗಿನ ಮಕ್ಕಳ ಚಟುವಟಿಕೆ ಮತ್ತು ನಿದ್ದೆಯನ್ನು ಕುರಿತು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಗಾಡಿಯಲ್ಲಾಗಲಿ ಆಸನದಲ್ಲಾಗಲಿ ಮಗುವನ್ನು ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಟ್ಟಿ ಕೂರಿಸಬಾರದೆಂಬುದೂ ಅದರಲ್ಲಿಯೇ ಇದೆ. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಹಗಲಿನ ಎರಡು ನಿದ್ದೆಗಳು ಸೇರಿ ಮಧ್ಯಾಹ್ನದ ಒಂದೇ ನಿದ್ದೆಯಾಗುವುದರಿಂದ, ಪ್ರವಾಸದ ದಿನವೊಂದರಲ್ಲಿ ಹೊರಗೆ ಹೋಗಲು ಅನುಕೂಲವಾದ ಎರಡು ಅವಧಿಗಳು ಮಾತ್ರ ಉಳಿಯುತ್ತವೆ: ಬೆಳಗಿನದೊಂದು, ಸಂಜೆಯದೊಂದು. ಬೆಂಗಳೂರಿನಲ್ಲಿ ಸಂಜೆಯ ಅವಧಿಯು ಕಚೇರಿಗಳು ಬಿಡುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಮಳೆಯೂ ಸೆಪ್ಟೆಂಬರ್, ಅಕ್ಟೋಬರ್‌ಗಳ ಜೋರು ಮಳೆಯೂ ಬಹುತೇಕ ಮಧ್ಯಾಹ್ನದ ನಂತರವೇ ಸುರಿಯುವುದು ಇದಕ್ಕೆ ಕೂಡಿಕೊಳ್ಳುತ್ತದೆ. ಆದಕಾರಣ ದಿನಕ್ಕೆ ಒಂದು ಸ್ಥಳ, ಅದೂ ಬೆಳಗ್ಗೆ ಎಂಬ ನಿಯಮವು ಈ ನಗರಕ್ಕೆ ವಿಶೇಷವಾಗಿ ಒಪ್ಪುತ್ತದೆ. ಸಂಜೆಯನ್ನು ತಂಗಿದ ಜಾಗದ ಸುತ್ತಮುತ್ತ ನಡೆದಾಡುವುದಕ್ಕೆ ಬಿಟ್ಟುಕೊಡಬೇಕು.

ಬೆಂಗಳೂರಿಗೆ ಬರುವ ದಾರಿಯಲ್ಲಿ, ಆಯ್ಕೆ ಇದ್ದಲ್ಲಿ, ಬಸ್ಸಿಗಿಂತ ರೈಲು ಮೇಲು. ಎದ್ದು ನಡೆದಾಡಲು ಜಾಗವಿರುವುದು, ಶೌಚಾಲಯವಿರುವುದು ಇದಕ್ಕೆ ಮುಖ್ಯ ಕಾರಣ. ಭಾರತೀಯ ರೈಲ್ವೆಯಲ್ಲಿ ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಆಸನ ಅಥವಾ ಬರ್ತ್ ಬೇಡವೆಂದಾದರೆ ಟಿಕೆಟ್ ಬೇಕಿಲ್ಲ, ಬೇಕೆಂದಾದರೆ ಪೂರ್ತಿ ದರ ಕೊಡಬೇಕು. ಉಚಿತವೆಂಬ ಕಾರಣಕ್ಕೆ ಬಹಳ ಮಂದಿ ಆಸನ ತೆಗೆದುಕೊಳ್ಳುವುದಿಲ್ಲ. ರಾತ್ರಿಯ ರೈಲಿನಲ್ಲಿ ಕೆಳಗಿನ ಬರ್ತ್ ದೊರೆತಿದ್ದು, ಮಗುವನ್ನು ಗೋಡೆಯ ಕಡೆಗೆ ಮಲಗಿಸಿ ದೊಡ್ಡವರೊಬ್ಬರು ಹೊರಬದಿಗೆ ಮಲಗಿದರೆ ಇದು ಸರಿಹೋಗುತ್ತದೆ. ಆದರೆ 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್‌ನಂತಹ, ಕುಳಿತೇ ಪ್ರಯಾಣಿಸಬೇಕಾದ ಹಗಲು ರೈಲಿನಲ್ಲಿ ಹನ್ನೆರಡು ಕಿಲೋ ತೂಕದ ಮಗುವನ್ನು ಆರು ಗಂಟೆಗೂ ಹೆಚ್ಚು ಕಾಲ ಮಡಿಲಲ್ಲಿ ಇಟ್ಟುಕೊಳ್ಳುವುದು ತಾಯಿಗೂ ಮಗುವಿಗೂ ಹಿಂಸೆಯಾಗುವುದರಿಂದ, ಅಂತಹ ರೈಲಿನಲ್ಲಿ ಮಗುವಿಗೊಂದು ಆಸನ ಕೊಳ್ಳುವುದು ಒಳಿತು. ವಿಮಾನದಲ್ಲಿ ಎರಡು ವರ್ಷ ತುಂಬುವವರೆಗೆ ಮಾತ್ರ ಮಡಿಲಲ್ಲಿ ಕೂರಿಸಿಕೊಳ್ಳಲು ಅವಕಾಶವಿದ್ದು, ಅನಂತರ ಪ್ರತ್ಯೇಕ ಆಸನ ಕಡ್ಡಾಯ. ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಬೇಕು. ಕರಾವಳಿಯಿಂದ ಶಿರಾಡಿ, ಚಾರ್ಮಾಡಿ ಘಾಟಿಗಳ ಮೂಲಕ ರಸ್ತೆಯಲ್ಲಿ ಬರುವವರು ಒಂದು ಸಂಗತಿಯನ್ನು ಗಮನಿಸಬೇಕು: ತಿರುವುಗಳಿಂದ ಬರುವ ವಾಂತಿಯು ಎರಡು ವರ್ಷದೊಳಗಿನ ಮಕ್ಕಳಲ್ಲಿ ವಿರಳವಾಗಿದ್ದು ಅನಂತರ ಹೆಚ್ಚುತ್ತದೆ. ಹಿಂದಿನ ಪ್ರಯಾಣದಲ್ಲಿ ಸುಮ್ಮನಿದ್ದ ಮಗು ಈ ಬಾರಿಯೂ ಸುಮ್ಮನಿರುತ್ತದೆಂದು ಭಾವಿಸದೆ, ಘಾಟಿ ಏರುವ ಮುನ್ನ ಹೊಟ್ಟೆತುಂಬ ಹಾಲು ಕುಡಿಸುವುದನ್ನು ಬಿಟ್ಟು, ಬದಲಿ ಬಟ್ಟೆಯನ್ನು ಡಿಕ್ಕಿಯಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ತಂಗುವ ಜಾಗದ ಆಯ್ಕೆಯೇ ಇಡೀ ಪ್ರವಾಸದ ಅತಿ ಮುಖ್ಯ ನಿರ್ಧಾರ, ಏಕೆಂದರೆ ಮಧ್ಯಾಹ್ನದ ನಿದ್ದೆಗೆ ಮರಳಿ ಬರುವುದಕ್ಕೆ ಸಾಧ್ಯವಾಗದ ದೂರದಲ್ಲಿರುವ ಕೋಣೆಯು ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಗುವಿನ ಪಾಲಿಗೆ ಇಲ್ಲದಂತೆಯೇ ಸರಿ. ಮೆಟ್ರೊ ನಿಲ್ದಾಣಕ್ಕೂ ಒಂದು ಉದ್ಯಾನಕ್ಕೂ ನಡೆದುಹೋಗಬಹುದಾದ ಪ್ರದೇಶಗಳಾದ ಬಸವನಗುಡಿ, ಜಯನಗರ, ಮಹಾತ್ಮ ಗಾಂಧಿ ರಸ್ತೆಯ ಆಸುಪಾಸು, ಮಲ್ಲೇಶ್ವರಗಳು ಈ ದೃಷ್ಟಿಯಿಂದ ಅನುಕೂಲಕರ. ಮೆಜೆಸ್ಟಿಕ್‌ನ ಲಾಡ್ಜುಗಳು ರೈಲಿಗೂ ಬಸ್ಸಿಗೂ ಹತ್ತಿರವೆನ್ನುವುದು ನಿಜವಾದರೂ ಅಲ್ಲಿ ರಾತ್ರಿಯಿಡೀ ತಗ್ಗದ ಸದ್ದು ಮಗುವಿನ ನಿದ್ದೆಗೆ ಅಡ್ಡಿ. ಕೋಣೆಗೆ ಕಾಲಿಟ್ಟೊಡನೆ ದೊಡ್ಡವರೊಬ್ಬರು ನೆಲದ ಮೇಲೆ ಕುಳಿತು, ಮಗುವಿನ ಎತ್ತರದಿಂದ ಸುತ್ತ ನೋಡುವುದು ಉಪಯುಕ್ತ ಅಭ್ಯಾಸ. ಮೇಲಿನಿಂದ ಕಾಣದ ಪ್ಲಗ್ ಪಾಯಿಂಟು, ಎಳೆದರೆ ಬೀಳುವ ಕೆಟಲ್‌ನ ವೈರು, ಬಾಲ್ಕನಿಯ ಕಂಬಿಗಳ ನಡುವಿನ ಅಂತರ, ಹಿಂದಿನವರು ಬಿಟ್ಟುಹೋದ ಮಾತ್ರೆ, ನಾಣ್ಯಗಳು ಆಗ ಕಣ್ಣಿಗೆ ಬೀಳುತ್ತವೆ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಬಚ್ಚಲುಮನೆ. ಗೀಸರ್‌ನ ಬಿಸಿನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ ಮಗುವಿನ ಎಳೆಯ ಚರ್ಮ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಸೇರಿಸುವುದು, ಸ್ನಾನವಾದೊಡನೆ ಬಕೆಟ್ ಬರಿದು ಮಾಡುವುದು, ಮಗು ಒಳಗೆ ಹೋಗಿ ಚಿಲಕ ಹಾಕಿಕೊಳ್ಳದಂತೆ ಬಾಗಿಲನ್ನು ಹೊರಗಿನಿಂದ ಮುಚ್ಚಿಡುವುದು, ಇವು ಮನೆಯಲ್ಲಿರುವಷ್ಟೇ ಇಲ್ಲಿಯೂ ಅಗತ್ಯ.

ನಗರದೊಳಗೆ ಓಡಾಡಲು ಮೆಟ್ರೊ ಎಲ್ಲಕ್ಕಿಂತ ಅನುಕೂಲ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಆರಂಭವಾದ ನಮ್ಮ ಮೆಟ್ರೊದ ನೇರಳೆ ಮಾರ್ಗವು ಇಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗವು ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಹರಡಿದ್ದು, ಎರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವೂ ತೆರೆಯಿತು. ಕೆಎಸ್‌ಆರ್ ಬೆಂಗಳೂರು ಮತ್ತು ಯಶವಂತಪುರ ರೈಲು ನಿಲ್ದಾಣಗಳ ಹತ್ತಿರವೇ ಮೆಟ್ರೊ ಇದ್ದರೆ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮಗು, ಸಾಮಾನುಗಳೊಂದಿಗೆ ಮೆಟ್ರೊವರೆಗೆ ನಡೆಯುವುದು ಕಷ್ಟ. ಯಾವ ನಿಲ್ದಾಣಕ್ಕೆ ಬರುವ ರೈಲು ಎಂಬುದನ್ನು ಟಿಕೆಟ್ ಕಾಯ್ದಿರಿಸುವಾಗಲೇ ನೋಡಿಕೊಳ್ಳಬೇಕು. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಗಂಟೆಯ ನಡುವೆ ರೈಲುಗಳು ಕಿಕ್ಕಿರಿಯುತ್ತವೆ. ನಿಲ್ದಾಣಗಳಲ್ಲಿ ಲಿಫ್ಟ್ ಇರುತ್ತದೆ. ಎಸ್ಕಲೇಟರ್ ಅಂದರೆ ತಾನಾಗಿ ಚಲಿಸುವ ಮೆಟ್ಟಿಲು ಮಕ್ಕಳಿಗೆ ಬಲು ಆಕರ್ಷಕವಾಗಿ ಕಂಡರೂ, ಮೃದು ರಬ್ಬರಿನ ಚಪ್ಪಲಿಯ ತುದಿ ಅದರ ಅಂಚಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಮಗುವನ್ನು ಎತ್ತಿಕೊಂಡೇ ಹತ್ತಬೇಕು. ಅನೇಕ ಮಕ್ಕಳಿಗೆ ಮೆಟ್ರೊ ಪ್ರಯಾಣವೇ ನಗರದ ದೊಡ್ಡ ನೋಟವಾಗುತ್ತದೆಂಬುದನ್ನು ದೊಡ್ಡವರು ಗೌರವದಿಂದ ಕಾಣಬೇಕು; ಎತ್ತರದ ಹಳಿಯ ಮೇಲೆ, ಬೆಳಗಿನ ಜನಸಂದಣಿ ಕರಗಿದ ಮೇಲೆ, ಕಿಟಕಿಯ ಬಳಿ ನಿಂತು ನಾಲ್ಕು ನಿಲ್ದಾಣ ಹೋಗಿ ಬರುವುದು ಅವರ ಮಟ್ಟಿಗೆ ಪೂರ್ಣವಾದ ಪ್ರವಾಸ.

ಸ್ಟ್ರೋಲರ್ ಎಂದು ಕರೆಯಲಾಗುವ, ಮಗುವನ್ನು ಕೂರಿಸಿ ತಳ್ಳುವ ಗಾಡಿಯನ್ನು ಊರಿನಿಂದ ಹೊತ್ತು ತರಬೇಕೆ ಎಂಬ ಪ್ರಶ್ನೆಗೆ ಬೆಂಗಳೂರಿನ ಮಟ್ಟಿಗೆ ಉತ್ತರ ಸಾಮಾನ್ಯವಾಗಿ ಬೇಡವೆಂದೇ. ಟೆಂಡರ್‌ಶ್ಯೂರ್ ಯೋಜನೆಯಡಿ ಮರುನಿರ್ಮಿಸಿದ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕಲ್ಲುಹಾಸಿನ ಚರ್ಚ್ ಸ್ಟ್ರೀಟ್ ಮುಂತಾದ ಕೆಲವೆಡೆ ಪಾದಚಾರಿ ಮಾರ್ಗ ಅಗಲವಾಗಿದೆಯಾದರೂ, ಉಳಿದ ಬಹುಭಾಗದಲ್ಲಿ ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳ ಏರುತಗ್ಗು, ಅವುಗಳ ಮೇಲೆ ನಿಲ್ಲಿಸಿದ ವಾಹನಗಳು, ನಡುವೆ ನಿಂತ ಟ್ರಾನ್ಸ್‌ಫಾರ್ಮರುಗಳು ಗಾಡಿಯನ್ನು ಹತ್ತು ಹೆಜ್ಜೆಗೊಮ್ಮೆ ಎತ್ತುವಂತೆ ಮಾಡುತ್ತವೆ. ಎದೆಗೋ ಬೆನ್ನಿಗೋ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಇದಕ್ಕಿಂತ ಹಗುರ, ಮತ್ತು ಮಗುವಿಗೆ ದೊಡ್ಡವರ ಮೈಯ ಆಸರೆಯೂ ದೊರೆಯುತ್ತದೆ. ಕಾರಿನಲ್ಲಿ ಹೋಗುವಾಗ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ವಿಧಿಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸುರಕ್ಷಾ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವಿದೆ. ಬಾಡಿಗೆ ಕಾರುಗಳಲ್ಲಿ ಮಕ್ಕಳ ಆಸನ ಸಿಗುವುದು ಅಪರೂಪವಾದ್ದರಿಂದ ಮೆಟ್ರೊ ಮಾರ್ಗದ ಮೇಲೆಯೇ ತಂಗುವ ಸಲಹೆಗೆ ಇದೂ ಒಂದು ಸಮರ್ಥನೆ. ಮುಂದಿನ ಆಸನದಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು. ನೆಂಟರ ಸ್ಕೂಟರಿನಲ್ಲಿ ಒಂದು ಸುತ್ತು ಹೋಗಿಬರುವ ಆಸೆ ಸಹಜವಾದರೂ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿಯೂ ಹೆಲ್ಮೆಟ್ಟೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬುದು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿದ ನಿಯಮ.

ಸ್ಥಳಗಳ ವಿಷಯಕ್ಕೆ ಬಂದರೆ ಲಾಲ್‌ಬಾಗ್ ಮೊದಲನೆಯದು. 1760ರಲ್ಲಿ ಹೈದರ್ ಅಲಿ ಆರಂಭಿಸಿದ, ಈಗ 240 ಎಕರೆಗಳಷ್ಟಿರುವ ಈ ಸಸ್ಯೋದ್ಯಾನಕ್ಕೆ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಿಂದ ನಡೆದೇ ಹೋಗಬಹುದು. 1889ರ ಗಾಜಿನ ಮನೆ, ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಬಂಡೆ, ಕೆರೆ, ಶತಮಾನ ಕಂಡ ಮರಗಳು ಇಲ್ಲಿವೆ. ಆದರೆ ಎರಡು ವರ್ಷದ ಮಗುವಿಗೆ ಇವುಗಳಿಗಿಂತ ಮರದ ಬುಡದ ಇರುವೆಸಾಲು, ಅಳಿಲು, ಉದುರಿದ ಕಾಯಿಗಳೇ ಮುಖ್ಯ. ನಾಲ್ಕೂ ಮೂಲೆಗಳನ್ನು ನೋಡಬೇಕೆಂಬ ಹಟ ಬಿಟ್ಟು, ಬಾಗಿಲಿನಿಂದ ಅರ್ಧ ಕಿಲೋಮೀಟರ್ ಒಳಗೆ ನೆರಳಿರುವ ಹುಲ್ಲಿನ ಮೇಲೆ ಎರಡು ಗಂಟೆ ಕಳೆದು ಹಿಂತಿರುಗುವುದರಲ್ಲಿ ನಷ್ಟವೇನೂ ಇಲ್ಲ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು, ಅದರಲ್ಲಿಯೂ ರಜಾದಿನಗಳಂದು, ಈ ವಯಸ್ಸಿನ ಮಗುವಿನೊಂದಿಗೆ ನೋಡಹೋಗುವುದು ಸೂಕ್ತವಲ್ಲ. ಆ ನೂಕುನುಗ್ಗಲಿನಲ್ಲಿ ಮಗುವಿಗೆ ಹೂವಿಗಿಂತ ಹೆಚ್ಚಾಗಿ ಜನರ ಮೊಣಕಾಲುಗಳೇ ಕಾಣುತ್ತವೆ.

ಎರಡನೆಯ ಬೆಳಗಿಗೆ 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್ ಯೋಗ್ಯ. ನೇರಳೆ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದ್ದು, ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನಸಂಚಾರ ಇರುವುದಿಲ್ಲವಾದ್ದರಿಂದ ಆಗತಾನೇ ಓಡಲು ಕಲಿತ ಮಗುವನ್ನು ಅಲ್ಲಿ ನಿರಾತಂಕವಾಗಿ ಬಿಡಬಹುದು. ಒಳಗಿರುವ ಜವಾಹರ ಬಾಲಭವನದಲ್ಲಿ ಆಟದ ಅಂಗಳವೂ ಪುಟಾಣಿ ರೈಲೂ ಇವೆ. ರೈಲು ಅಂದು ಓಡುತ್ತಿದೆಯೇ ಎಂಬುದನ್ನು ವಿಚಾರಿಸಿದ ಮೇಲಷ್ಟೇ ಮಗುವಿಗೆ ಅದರ ಹೆಸರು ಹೇಳಬೇಕು. ಬಸವನಗುಡಿಯಲ್ಲಿ ತಂಗಿದವರಿಗೆ ದೊಡ್ಡ ಬಸವಣ್ಣನ ಗುಡಿ ಇನ್ನೊಂದು ಉತ್ತಮ ಆಯ್ಕೆ: ಮನೆಯ ಮುಂದೆ ಹಸು, ಎತ್ತುಗಳನ್ನು ಕಂಡ ಮಗುವಿಗೆ ಸುಮಾರು ಹದಿನೈದು ಅಡಿ ಎತ್ತರದ ಏಕಶಿಲೆಯ ಬಸವನು ಒಮ್ಮೆಲೇ ಗುರುತಿಗೆ ಸಿಗುತ್ತಾನೆ, ಪಕ್ಕದಲ್ಲಿಯೇ ಕಹಳೆ ಬಂಡೆಯ ಉದ್ಯಾನವಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಮಳೆಯ ದಿನಕ್ಕೆ ಒದಗುತ್ತದಾದರೂ ಅಲ್ಲಿಯ ಘರ್ಜಿಸುವ ಡೈನೋಸಾರ್ ಮಾದರಿಗೆ ಕೆಲವು ಮಕ್ಕಳು ಬೆದರುತ್ತಾರೆ. ಜವಾಹರಲಾಲ್ ನೆಹರು ತಾರಾಲಯದ ಕತ್ತಲೆಯ ಪ್ರದರ್ಶನವನ್ನು ಇನ್ನೆರಡು ವರ್ಷ ಮುಂದೂಡುವುದು ಲೇಸು. ನಗರಮಧ್ಯದಿಂದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರದ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋಗಲೇಬೇಕೆಂದಿದ್ದರೆ ಒಂದು ದಿನವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಬೇಕಾಗುತ್ತದೆ. ಅಲ್ಲಿಗೆ ಮಂಗಳವಾರ ರಜೆ, ತಾರಾಲಯಕ್ಕೆ ಸೋಮವಾರ.

ಆಹಾರದ ವಿಷಯದಲ್ಲಿ ಕನ್ನಡನಾಡಿನ ಮಗುವಿಗೆ ಬೆಂಗಳೂರು ಪರಕೀಯವೇನಲ್ಲ, ಇಡ್ಲಿ ಎಲ್ಲೆಡೆಯೂ ಸಿಗುತ್ತದೆ. ಆದರೆ ದರ್ಶಿನಿಗಳು, ಅಂದರೆ ಚೀಟಿ ಪಡೆದು ತಾವೇ ತಟ್ಟೆ ತಂದು ನಿಂತೇ ತಿನ್ನುವ ಉಪಾಹಾರಗೃಹಗಳು, ಎತ್ತರದ ಮೇಜಿನವರೆಗೆ ಕೈ ಎಟುಕದ ಮಗುವಿಗೆ ತಕ್ಕುವಲ್ಲ. ಕುಳಿತು ತಿನ್ನುವ ಹೋಟೆಲನ್ನೇ ಹುಡುಕಿ, ಭಾನುವಾರದ ಸರದಿಗೆ ಸಿಕ್ಕಿಕೊಳ್ಳದಂತೆ ಎಂಟು ಗಂಟೆಯೊಳಗೆ ಹೋಗಬೇಕು. ಹೋಟೆಲಿನ ಚಟ್ನಿ, ಸಾಂಬಾರುಗಳ ಖಾರ ಮಗುವಿಗೆ ಹೆಚ್ಚಾಗುವುದರಿಂದ ಸಣ್ಣ ಡಬ್ಬಿಯಲ್ಲಿ ತುಪ್ಪ ಒಯ್ದರೆ ಇಡ್ಲಿಗೂ ಅನ್ನಕ್ಕೂ ಆಗುತ್ತದೆ. ಮೊಸರನ್ನದ ಒಗ್ಗರಣೆಯಲ್ಲಿ ಹಸಿಮೆಣಸಿನ ಚೂರುಗಳಿರುವುದರಿಂದ ಬರಿ ಅನ್ನ, ಮೊಸರುಗಳನ್ನು ಬೇರೆಯಾಗಿ ಕೇಳಿ ಕಲಸಿಕೊಡುವುದು ಮೇಲು. ಕಾಫಿ ಕೊಡುವಲ್ಲಿ ಸಕ್ಕರೆ ಹಾಕದ ಹಾಲನ್ನು ಕೇಳಿದರೆ ಕೊಡುತ್ತಾರೆ. ಮನೆಯಲ್ಲಿಯೇ ಹುರಿದು ಮಾಡಿದ ರಾಗಿ ಹುರಿಹಿಟ್ಟು, ಏಲಕ್ಕಿ ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕುದಿಸಿದ ನೀರು ಇವು ಕೈಚೀಲದಲ್ಲಿದ್ದರೆ ಊಟ ತಡವಾದರೂ ಗಾಬರಿಯಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡಿಯಾದ ಕಡಲೆಕಾಯಿ ಬೀಜ, ಹುರಿಗಡಲೆ, ಪಾಪ್‌ಕಾರ್ನ್, ಕತ್ತರಿಸದ ದ್ರಾಕ್ಷಿ ಕೊಡಬಾರದು. ಇವು ಶ್ವಾಸನಾಳಕ್ಕೆ ಸಿಕ್ಕಿ ಉಸಿರುಗಟ್ಟಿಸುತ್ತವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ಬಂದವರು ಅಕ್ಕರೆಯಿಂದ ಮಗುವಿನ ಕೈಗೆ ಹಾಕುವ ಬೀಜವನ್ನೂ ನಯವಾಗಿ ತಪ್ಪಿಸಬೇಕು.

ಪ್ರವಾಸದ ಕಷ್ಟಗಳಲ್ಲಿ ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನೆಂಟರ ಮನೆಗಳ ಭೇಟಿ. ಊರಿನಿಂದ ಬಂದವರು ವಿಜಯನಗರದ ಚಿಕ್ಕಪ್ಪನ ಮನೆಗೂ ಯಲಹಂಕದ ಅತ್ತೆಯ ಮನೆಗೂ ಹೋಗದೆ ಮರಳಿದರೆ ತಪ್ಪು ತಿಳಿಯುತ್ತಾರೆಂಬ ಅಳುಕಿನಿಂದ ಎರಡು ದಿನಗಳಲ್ಲಿ ನಾಲ್ಕು ಮನೆ ಸುತ್ತುತ್ತಾರೆ. ಪ್ರತಿ ಮನೆಯಲ್ಲಿಯೂ ಮಗುವನ್ನು ಹೊಸಬರ ಕೈಗೆ ದಾಟಿಸಲಾಗುತ್ತದೆ, ಅದು ಅತ್ತರೆ ‘ರೂಢಿ ಮಾಡಿಸಿಲ್ಲ’ ಎಂಬ ಮಾತು ತಾಯಿಯ ಮೇಲೆ ಬರುತ್ತದೆ. ಅಪರಿಚಿತರನ್ನು ಕಂಡು ಹೆದರುವುದು ಎಂಟನೆಯ ತಿಂಗಳ ಸುಮಾರಿಗೆ ಮೊದಲಾಗಿ ಅನೇಕ ಮಕ್ಕಳಲ್ಲಿ ಎರಡು ವರ್ಷದವರೆಗೂ ಇರುವ, ಬೆಳವಣಿಗೆಯ ಸಹಜ ಹಂತವೇ ಹೊರತು ಸಂಸ್ಕಾರದ ಕೊರತೆಯಲ್ಲ. ತನ್ನವರು ಯಾರು, ಹೊರಗಿನವರು ಯಾರು ಎಂಬುದನ್ನು ಮಗು ಬೇರ್ಪಡಿಸಲು ಕಲಿತಿರುವುದರ ಗುರುತು ಅದು. ಹಿರಿಯರಿಗೆ ಇದನ್ನು ಮುಂಚೆಯೇ ಫೋನಿನಲ್ಲಿ ತಿಳಿಸಿ, ಮಗು ತಾನಾಗಿ ಹತ್ತಿರ ಬರುವವರೆಗೆ ಅಪ್ಪಅಮ್ಮನ ಮಡಿಲಲ್ಲಿಯೇ ಇರಲಿ ಎಂದು ಕೇಳಿಕೊಳ್ಳಬಹುದು. ಇದಕ್ಕಿಂತ ಉತ್ತಮವಾದದ್ದು, ಒಂದೇ ಒಂದು ಮನೆಯನ್ನು ಆರಿಸಿಕೊಂಡು ಉಳಿದ ಬಂಧುಗಳನ್ನು ಅಲ್ಲಿಗೋ, ಬೆಳಗಿನ ಉದ್ಯಾನಕ್ಕೋ ಆಹ್ವಾನಿಸುವುದು. ಹುಲ್ಲಿನ ಮೇಲೆ ತಿರುಗಾಡಿಕೊಂಡಿರುವ ಮಗು ಸೋಫಾದ ಮೇಲೆ ಕೂರಿಸಿದ ಮಗುವಿಗಿಂತ ಬೇಗ ದೊಡ್ಡಮ್ಮನ ಬೆರಳು ಹಿಡಿಯುತ್ತದೆ.

ಬಂಧುಗಳು ಹೆಚ್ಚಿದಷ್ಟೂ ಮಗುವಿನ ಮೇಲಿನ ಕಣ್ಣು ಹೆಚ್ಚುತ್ತದೆಂಬುದು ತಪ್ಪು ಕಲ್ಪನೆ. ಆರು ಜನ ದೊಡ್ಡವರಿದ್ದಾಗ ಇನ್ನೊಬ್ಬರು ನೋಡುತ್ತಿದ್ದಾರೆಂದು ಪ್ರತಿಯೊಬ್ಬರೂ ಭಾವಿಸುವುದರಿಂದಲೇ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಯಾವ ಹೊತ್ತಿಗೂ ಒಬ್ಬರ ಹೆಸರು ಹಿಡಿದು ಹೊಣೆ ವಹಿಸಿ, ಬದಲಾಯಿಸುವಾಗ ಬಾಯಿಬಿಟ್ಟು ಹೇಳಿಯೇ ದಾಟಿಸಬೇಕು. ಅಂದಿನ ಬಟ್ಟೆಯಲ್ಲಿ ಮಗುವಿನ ಒಂದು ಫೋಟೊವನ್ನು ಪ್ರತಿ ಬೆಳಗ್ಗೆ ತೆಗೆದಿಟ್ಟುಕೊಳ್ಳುವುದು, ಮುಂಗೈಯ ಒಳಭಾಗದಲ್ಲಿ ದೂರವಾಣಿ ಸಂಖ್ಯೆಯನ್ನು ಪೆನ್ನಿನಿಂದ ಬರೆಯುವುದು ಸುಲಭ ಉಪಾಯಗಳು. ಅಂಗಿಯ ಹೊರಗೆ ಹೆಸರು ಕಾಣುವಂತೆ ಬರೆದರೆ ಅಪರಿಚಿತರು ಹೆಸರು ಹಿಡಿದು ಕರೆಯಲು ಅನುಕೂಲವಾಗುವುದರಿಂದ ಅದನ್ನು ಮಾಡಬಾರದು. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿಗೆ 1098, ರೈಲಿನಲ್ಲಿ 139 ಈ ಸಂಖ್ಯೆಗಳು ಎಲ್ಲ ದೊಡ್ಡವರ ಫೋನಿನಲ್ಲಿಯೂ ಇರಬೇಕು.

ಔಷಧದ ಚೀಲದಲ್ಲಿ ಮುಖ್ಯವಾದವು ಎರಡೇ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್‌ನ ಪ್ರಮಾಣ ವಯಸ್ಸಿನ ಮೇಲಲ್ಲ, ಮಗುವಿನ ತೂಕದ ಮೇಲೆ ನಿಂತಿದೆ. ಇದರ ಹನಿ ಔಷಧಿಯು ಸಿರಪ್‌ಗಿಂತ ಹಲವು ಪಟ್ಟು ಸಾಂದ್ರವಾಗಿರುವುದರಿಂದ ಊರಿನಲ್ಲಿ ಬಳಸುವ ಸೀಸೆಯನ್ನೇ ಒಯ್ದು, ವೈದ್ಯರು ಹೇಳಿದ ಪ್ರಮಾಣವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಬೇಕು. ಎರಡನೆಯದು ಓಆರ್‌ಎಸ್, ಅಂದರೆ ಭೇದಿಯಾದಾಗ ದೇಹ ಕಳೆದುಕೊಂಡ ನೀರನ್ನೂ ಲವಣಗಳನ್ನೂ ತುಂಬಿಕೊಡುವ ಪುಡಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ, ಚಿಕ್ಕದನ್ನು 200 ಮಿಲಿಲೀಟರ್ ನೀರಿಗೆ ಪೂರ್ತಿಯಾಗಿ ಕದಡಬೇಕು. ಅಂದಾಜಿನಲ್ಲಿ ಅರ್ಧ ಹಾಕುವಂತಿಲ್ಲ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ, ಸಕ್ಕರೆಯ ಹೆಚ್ಚಳದಿಂದ ಭೇದಿಯನ್ನು ಅವು ಉಲ್ಬಣಗೊಳಿಸಬಹುದು. ಕಣ್ಣು ಗುಳಿಬಿದ್ದು, ಆರೇಳು ಗಂಟೆ ಮೂತ್ರ ಮಾಡದೆ ಮಗು ಮಂಕಾಗಿದ್ದರೆ ರೈಲಿನ ಹೊತ್ತಿಗಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು; ಸರ್ಕಾರಿ ವ್ಯವಸ್ಥೆಯಲ್ಲಿ ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರದ ವಾಣಿ ವಿಲಾಸ ಆಸ್ಪತ್ರೆಗಳು ಮಕ್ಕಳ ಚಿಕಿತ್ಸೆಗೆ ಹೆಸರಾಗಿವೆ. ಮಳೆಗಾಲದಲ್ಲಿ ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದರಿಂದ ಮಧ್ಯಾಹ್ನದ ನಿದ್ದೆಗೂ ತುಂಬುತೋಳಿನ ತೆಳು ಹತ್ತಿಬಟ್ಟೆಯೇ ಸರಿ. ಊರಿಗೆ ಮರಳಿದ ಎರಡು ವಾರಗಳೊಳಗೆ ಜ್ವರ ಬಂದರೆ, ಮಗು ಬೆಂಗಳೂರಿಗೆ ಹೋಗಿ ಬಂದ ದಿನಾಂಕವನ್ನು ವೈದ್ಯರಿಗೆ ತಿಳಿಸಬೇಕು.